ಬ್ಯಾಂಕಿಗೆ ಹೋಗಿ ಕೇಳದೆ ಸೀಟಿಗೆ ದುಡ್ಡು ಕಟ್ಟಬೇಡಿ

ಮಗಳ ಇಂಜಿನಿಯರಿಂಗ್ ಸೀಟಿನ ವಿಷಯದಲ್ಲಿ ನಮ್ಮ ಮನೆಗೆ ಬಿದ್ದ ಪೆಟ್ಟು ಇನ್ನೊಬ್ಬರಿಗೆ ಬೀಳದಿರಲಿ ಅಂತ ಬರೆಯುತ್ತಿದ್ದೇನೆ. ಸಿಇಟಿ ಬರೆಯುವ ಮಕ್ಕಳಿರುವವರು ದಯವಿಟ್ಟು ಪೂರ್ತಿ ಓದಿ.

ನಮ್ಮದು ತಿಪಟೂರು ಕಡೆಯ ಹಳ್ಳಿ, ಎರಡೂವರೆ ಎಕರೆ ತೆಂಗು. 2025ರ ಸಿಇಟಿಯಲ್ಲಿ ಮಗಳಿಗೆ ಅಂದುಕೊಂಡ ರ‍್ಯಾಂಕ್ ಬರಲಿಲ್ಲ. ಮೊದಲ ಸುತ್ತಿನಲ್ಲಿ ಕಂಪ್ಯೂಟರ್ ಸೈನ್ಸ್ ಸಿಗಲಿಲ್ಲ. ಅಷ್ಟರಲ್ಲಿ ನೆಂಟರೊಬ್ಬರು ಒಬ್ಬ ಏಜೆಂಟನ್ನು ಮನೆಗೇ ಕರೆತಂದರು. "ಎರಡನೇ ರೌಂಡ್ ಕಾಯ್ತಾ ಕೂತ್ರೆ ಇದೂ ಕೈ ತಪ್ಪುತ್ತೆ ಅಣ್ಣ. ಮ್ಯಾನೇಜ್‌ಮೆಂಟ್ ಸೀಟು ಹಿಡೀರಿ, ಲೋನ್ ನಾನು ಮಾಡಿಸಿಕೊಡ್ತೀನಿ. ನಿಮ್ಮ ಆದಾಯಕ್ಕೆ ಓದು ಮುಗಿಯೋವರೆಗೂ ಬಡ್ಡಿ ಸರ್ಕಾರಾನೇ ಕಟ್ಟುತ್ತೆ" ಅಂದ. ನನ್ನ ಹೆಂಡತಿ ಎರಡು ಬಳೆ ಬಿಚ್ಚಿಕೊಟ್ಟಳು. ಅಡವಿಟ್ಟು ಬಂದ ದುಡ್ಡಿಗೆ ಕೂಡಿಟ್ಟದ್ದನ್ನೂ ಸೇರಿಸಿ ಏಜೆಂಟನ ಕೈಗೆ ಐವತ್ತು ಸಾವಿರ, ಕಾಲೇಜಿಗೆ ಒಂದೂವರೆ ಲಕ್ಷ ಕೊಟ್ಟೆವು. ಐವತ್ತು ಸಾವಿರಕ್ಕೆ ಒಂದು ಚೀಟಿಯೂ ಇಲ್ಲ.

ಅವನ ಮಾತು ಪೂರ್ತಿ ಸುಳ್ಳಾಗಿದ್ದರೆ ನಾನು ನಂಬುತ್ತಿರಲಿಲ್ಲ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದರೆ ಓದುವ ಅವಧಿ ಮತ್ತು ಆಮೇಲಿನ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರ ಭರಿಸುವ ಯೋಜನೆ ಇರುವುದು ನಿಜ. ಆದರೆ ಅದಕ್ಕೆ ಷರತ್ತುಗಳಿವೆ. ಅದನ್ನು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಬ್ಯಾಂಕ್ ಮ್ಯಾನೇಜರ್ ಅಡ್ಮಿಶನ್ ಪತ್ರ ನೋಡಿ, 'ಮ್ಯಾನೇಜ್‌ಮೆಂಟ್' ಅನ್ನುವ ಪದಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದರು. "ಯಜಮಾನ್ರೇ, ಕಾಲೇಜಿಗೆ ನ್ಯಾಕ್ ಇದೆಯಾ? ಈ ಕೋರ್ಸಿಗೆ ಎನ್‌ಬಿಎ ಮಾನ್ಯತೆ ಇದೆಯಾ?" ಇವು ಕಾಲೇಜು, ಕೋರ್ಸುಗಳ ಗುಣಮಟ್ಟ ನೋಡಿ ಕೊಡುವ ಮಾನ್ಯತೆಗಳು. ಎರಡೂ ಇರಲಿಲ್ಲ. ಅಲ್ಲಿಗೆ ಬಡ್ಡಿ ಸಹಾಯ ಹೋಯಿತು. ಕೇಂದ್ರದ ಪಿಎಂ ವಿದ್ಯಾಲಕ್ಷ್ಮಿ ಸಾಲ ಯೋಜನೆಯಲ್ಲಿ ಜಾಮೀನು, ಅಡಮಾನ ಇಲ್ಲದೆ ಸಾಲ ಸಿಗುತ್ತದಂತಲ್ಲ ಅಂದೆ. ಆ ಯೋಜನೆಯ ಕಾಲೇಜುಗಳ ಪಟ್ಟಿಯಲ್ಲಿ ಈ ಕಾಲೇಜಿಲ್ಲ, ಇದ್ದಿದ್ದರೂ ಮ್ಯಾನೇಜ್‌ಮೆಂಟ್ ಕೋಟಾದವರಿಗೆ ಅದು ಸಿಗುವುದಿಲ್ಲ ಅಂದರು. ಕೊನೆಗೆ ತೋಟದ ಪತ್ರ ಇಟ್ಟು ಶೇ. 11ರ ಬಡ್ಡಿಗೆ ವರ್ಷಕ್ಕೆ ಎರಡು ಲಕ್ಷದಂತೆ ಎಂಟು ಲಕ್ಷ ಸಾಲಕ್ಕೆ ಸಹಿ ಹಾಕಿದೆ.

ನಾಲ್ಕು ವರ್ಷದ ಓದು, ಆಮೇಲಿನ ಒಂದು ವರ್ಷ ಸೇರಿಸಿ ಲೆಕ್ಕ ಹಾಕಿ ನೋಡಿ. ಮೊದಲ ವರ್ಷದ ಎರಡು ಲಕ್ಷಕ್ಕೆ ಐದು ವರ್ಷದ ಬಡ್ಡಿ, ಎರಡನೆಯದಕ್ಕೆ ನಾಲ್ಕು, ಹೀಗೆ ಸರಳ ಬಡ್ಡಿಯೇ 3,08,000 ರೂಪಾಯಿ. ಕಂತು ಶುರುವಾಗುವ ಮೊದಲೇ ಇಷ್ಟು! ಮಗಳು ಈ ಲೆಕ್ಕ ಮಾಡಿ ತೋರಿಸಿದ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಇದಕ್ಕಿಂತ ಹೊಟ್ಟೆ ಉರಿದದ್ದು ಎರಡನೇ ಸುತ್ತಿನ ಕಟಾಫ್ ನೋಡಿದಾಗ. ಎನ್‌ಬಿಎ ಇರುವ ಇನ್ನೊಂದು ಕಾಲೇಜಿನಲ್ಲಿ ಅವಳ ರ‍್ಯಾಂಕಿಗೆ ಅದೇ ಕೋರ್ಸು, ಸರ್ಕಾರಿ ಕೋಟಾದಲ್ಲೇ ಸಿಗುತ್ತಿತ್ತು.

ಬಿಟ್ಟುಬರೋಣ ಅಂತ ಕಾಲೇಜಿಗೆ ಹೋದರೆ "ಕಟ್ಟಿದ ದುಡ್ಡು ವಾಪಸ್ ಇಲ್ಲ" ಅಂದರು, ಮಾರ್ಕ್ಸ್ ಕಾರ್ಡನ್ನೂ ಕೊಡಲಿಲ್ಲ. ತರಗತಿ ಶುರುವಾಗುವ ಮುಂಚೆ ಸೀಟು ಬಿಟ್ಟರೆ ಹೆಚ್ಚೆಂದರೆ ಸಾವಿರ ರೂಪಾಯಿ ಹಿಡಿದು ಉಳಿದದ್ದನ್ನು ಕೊಡಬೇಕು, ಮೂಲ ದಾಖಲೆ ಇಟ್ಟುಕೊಳ್ಳುವಂತಿಲ್ಲ ಅನ್ನುವುದು ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಐಸಿಟಿಇಯ ನಿಯಮ. ನನಗೆ ಇದು ತಿಳಿಯುವಷ್ಟರಲ್ಲಿ ತರಗತಿ ಶುರುವಾಗಿ ಹದಿನೈದು ದಿನವಾಗಿತ್ತು. ನೀವು ಅಂಥ ಮಾತು ಕೇಳಿದರೆ ಅಂದೇ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.

ಸಿಇಟಿ ಆದಮೇಲೆ ಬೇಕಾದ ಕಾಲೇಜು, ಕೋರ್ಸು ನಮೂದಿಸುವ ಆಪ್ಷನ್ ಎಂಟ್ರಿಗೆ ಮುಂಚೆಯೇ ನಾಡಕಚೇರಿಯ ಆದಾಯ ಪ್ರಮಾಣಪತ್ರ ಹಿಡಿದು ಬ್ಯಾಂಕಿಗೆ ಹೋಗಿ. ಯಾವ ಕಾಲೇಜು, ಯಾವ ಕೋರ್ಸು, ಯಾವ ಕೋಟಾ ಅಂತ ಹೇಳಿ, ಬಡ್ಡಿ ಸಹಾಯ ಸಿಗುತ್ತದೋ ಇಲ್ಲವೋ ಬಿಡಿಸಿ ಕೇಳಿ. ಎನ್‌ಬಿಎ ಮಾನ್ಯತೆ ಕೊಡುವುದು ಕೋರ್ಸಿಗೆ. ಕಾಲೇಜಿನ ಬೋರ್ಡಿನಲ್ಲಿ ಹೆಸರಿದ್ದರೆ ಸಾಲದು, ನಿಮ್ಮ ಕೋರ್ಸಿಗೆ ಇದೆಯೇ ನೋಡಿ. ಸೂಪರ್‌ನ್ಯೂಮರರಿ ಕೋಟಾದ ಬಗ್ಗೆಯೂ, ಅಂದರೆ ಕಾಲೇಜಿನ ಮಾಮೂಲಿ ಸೀಟುಗಳ ಮೇಲೆ ಹೆಚ್ಚುವರಿಯಾಗಿ ಇರುವ ಸೀಟುಗಳ ಬಗ್ಗೆ, ವಿಚಾರಿಸಿ. ಆದಾಯ ಎಂಟು ಲಕ್ಷದೊಳಗಿದ್ದು ಆ ಸೀಟು ಸಿಕ್ಕರೆ ಬೋಧನಾ ಶುಲ್ಕವೇ ಇರುವುದಿಲ್ಲ. ಏಜೆಂಟ್ ಅದರ ಹೆಸರನ್ನೂ ಎತ್ತಿರಲಿಲ್ಲ.

ಮಗ ಈಗ ಸೆಕೆಂಡ್ ಪಿಯುಸಿ. ಮೊನ್ನೆ ಅವನನ್ನು ಕರೆದುಕೊಂಡು ಅದೇ ಮ್ಯಾನೇಜರ್ ಹತ್ತಿರ ಹೋಗಿದ್ದೆ. ಅವನು ಬರೆದುಕೊಂಡು ಹೋಗಿದ್ದ ಒಂಬತ್ತು ಕಾಲೇಜುಗಳಲ್ಲಿ ನಾಲ್ಕನ್ನು ಅವರು ಅಲ್ಲೇ ಹೊಡೆದುಹಾಕಿದರು.