ಲಿಫ್ಟ್ ಕಿಟ್ ಅಂತ ಹೇಳಿ ನನ್ನ ಹಳೇ ಸ್ಪ್ರಿಂಗಿಗೇ ಕೆಂಪು ಬಣ್ಣ ಹೊಡೆದು ಕೊಟ್ಟರು

ತುಮಕೂರಿನ ಸುತ್ತಮುತ್ತ ಲಿಫ್ಟ್ ಕಿಟ್ ಹಾಕಿಸಿ ಗಾಡಿ ಎತ್ತರ ಮಾಡಿಸೋಣ ಅಂದುಕೊಂಡಿರುವವರು ದಯವಿಟ್ಟು ಪೂರ್ತಿ ಓದಿ. ಉದ್ದವಾಗಿದೆ, ಕೋಪದಲ್ಲಿ ಬರೆದಿದ್ದೇನೆ, ಹೇಳಿದ್ದನ್ನೇ ಎರಡು ಸಲ ಹೇಳಿದರೂ ಹೇಳಿರಬಹುದು. 34,000 ರೂಪಾಯಿ ಹೋಯಿತು. ಅದರ ಮೇಲೆ ಎರಡು ಟೈರು, ಒಂದು ಆಕ್ಸಲ್ ಬೂಟು (ಆಕ್ಸಲ್ ಜಾಯಿಂಟಿನ ಗ್ರೀಸು ಹೊರಗೆ ಬಾರದ ಹಾಗೆ ಮುಚ್ಚುವ ರಬ್ಬರ್ ಚೀಲ). ದುಡ್ಡು ಹೋದದ್ದು ಒಂದು ಕಡೆ ಇರಲಿ. ಮೂರು ತಿಂಗಳು ಆ ಕೆಂಪು ಸ್ಪ್ರಿಂಗನ್ನು ಬಗ್ಗಿ ಬಗ್ಗಿ ಎಲ್ಲರಿಗೂ ತೋರಿಸಿಕೊಂಡು ಓಡಾಡಿದೆನಲ್ಲ, ಅದು ಹೊಟ್ಟೆ ಉರಿಸುತ್ತಿದೆ.

ನನ್ನದು 2016ರ ರೆನೋ ಡಸ್ಟರ್ ಕಾರು. ಡೀಸೆಲ್, ಟೂ ವೀಲ್ ಡ್ರೈವ್, ಅಂದರೆ ಎಂಜಿನ್ನಿನ ಶಕ್ತಿ ಮುಂದಿನ ಎರಡು ಚಕ್ರಕ್ಕೆ ಮಾತ್ರ. ಗಾಡಿಯ ಮೇಲೆ ನನ್ನ ದೂರು ಏನೂ ಇಲ್ಲ. ಕಂಪನಿಯಿಂದ ಬಂದಾಗಲೇ ನೆಲದಿಂದ 205 ಮಿಲಿಮೀಟರ್ ಎತ್ತರ, ಟಾರು ರಸ್ತೆಗೆ ಧಾರಾಳ ಸಾಕು. ತೊಂದರೆ ಇರುವುದು ಕೊರಟಗೆರೆ ಕಡೆ ನಮ್ಮ ತೋಟದ ದಾರಿಯಲ್ಲಿ. ರಸ್ತೆ ಬಿಟ್ಟು ಒಂದೂವರೆ ಕಿಲೋಮೀಟರ್ ಒಳಗೆ ಹೋಗಬೇಕು. ಟ್ರ್ಯಾಕ್ಟರ್ ಓಡಾಡಿ ಎರಡು ಕಡೆ ಜಾಡು ಆಳವಾಗಿದೆ, ನಡುವೆ ದಿಬ್ಬ ಎದ್ದಿದೆ. ಅಪ್ಪ ಅಮ್ಮನನ್ನು ಹಿಂದೆ ಕೂರಿಸಿಕೊಂಡು, ಡಿಕ್ಕಿಯಲ್ಲಿ ಎರಡು ಮೂಟೆ ಹಿಂಡಿ ಹಾಕಿಕೊಂಡು ಹೋದರೆ ಗಾಡಿಯ ಹೊಟ್ಟೆ ಆ ದಿಬ್ಬಕ್ಕೆ ಡರ್ರ್ ಅಂತ ಉಜ್ಜುತ್ತದೆ. ಅಮ್ಮ ಪ್ರತಿ ಸಲವೂ "ನಿಲ್ಸಪ್ಪಾ, ನಾನು ಇಳ್ಕೊಂಡು ನಡ್ಕೊಂಡೇ ಬರ್ತೀನಿ" ಅನ್ನುತ್ತಾರೆ.

ನನಗೆ ಬೇಕಿದ್ದದ್ದು ಒಂದು ಇಂಚು ಅಷ್ಟೇ. ಟೂ ವೀಲ್ ಡ್ರೈವ್ ಗಾಡಿಯನ್ನು ಎಷ್ಟು ಎತ್ತಿದರೂ ಕೆಸರಿನಿಂದ ಎಳೆದುಕೊಂಡು ಬರುವ ಶಕ್ತಿ ಬರುವುದಿಲ್ಲ, ಅದಕ್ಕೆ ಟೈರು ಚೆನ್ನಾಗಿರಬೇಕು ಅಂತ ನನಗೂ ಗೊತ್ತಿತ್ತು. ಜಾಸ್ತಿ ಎತ್ತಿದರೆ ಮುಂದಿನ ಚಕ್ರಕ್ಕೆ ಹೋಗುವ ಡ್ರೈವ್ ಶಾಫ್ಟ್ ಓರೆಯಾಗಿ ಜಾಯಿಂಟ್ ಸವೆಯುತ್ತದೆ ಅಂತಲೂ ಓದಿದ್ದೆ. ಇಷ್ಟೆಲ್ಲಾ ಓದಿಕೊಂಡು ಹೋಗಿಯೇ ಮೋಸ ಹೋದೆ. ಏನನ್ನಬೇಕು ಹೇಳಿ.

ಅಂಗಡಿಯ ಹೆಸರು ಹಾಕುವುದಿಲ್ಲ. ತುಮಕೂರಿನಲ್ಲೇ ಇದೆ, ಗೋಡೆ ತುಂಬಾ ಬಂಡೆ ಹತ್ತುತ್ತಿರುವ ಜೀಪುಗಳ ಚಿತ್ರ. ಹೋದ ಕೂಡಲೇ ಟೀ ತರಿಸಿದರು.

"ಒಂದಿಂಚು ಯಾವ ಮೂಲೆಗೆ ಸಾರ್? ಕಣ್ಣಿಗೇ ಕಾಣಲ್ಲ. ಎರಡಿಂಚು ಮಾಡಿಸ್ಕೊಳ್ಳಿ, ಗಾಡಿ ಗೂಳಿ ಥರ ನಿಂತ್ಕೊಳುತ್ತೆ."

ಬೇಡ ಅಂದೆ. ಎಳೆದಾಡಿ 40 ಮಿಲಿಮೀಟರಿಗೆ ಬಂದೆವು. ಅಲ್ಲೇ ನಾನು ಅರ್ಧ ಸೋತಿದ್ದೆ.

"ಸ್ಪ್ರಿಂಗ್ ಹೊಸದು ತಾನೇ?" ಅಂತ ಕೇಳಿದೆ. "ನಾಲ್ಕೂ ಹೊಸದು ಸಾರ್. ಉದ್ದ ಸ್ಪ್ರಿಂಗು. ಕೆಂಪು ಬಣ್ಣ ಇರುತ್ತೆ, ನೋಡಿದ ತಕ್ಷಣ ಗೊತ್ತಾಗುತ್ತೆ." ರಬ್ಬರ್ ಗಿಬ್ಬರ್ ತುರುಕಬೇಡಿ ಅಂತಲೂ ಹೇಳಿದೆ. "ಛೇ ಛೇ, ರಬ್ಬರ್ ನಾವು ಮುಟ್ಟೋದೇ ಇಲ್ಲ." ಆಲ್ ವೀಲ್ ಡ್ರೈವ್ ಡಸ್ಟರಿಗೆ ಹಿಂದಿನ ಸಸ್ಪೆನ್ಷನ್ನೇ ಬೇರೆ, ನನ್ನದರಲ್ಲಿ ಹಿಂದೆ ಎರಡು ಚಕ್ರಕ್ಕೂ ಸೇರಿ ಒಂದೇ ಬೀಮ್, ಇದಕ್ಕೆ ಹೊಂದುವ ಕಿಟ್ ಇದೆಯಾ ಅಂತ ಕೇಳಿದೆ. "ಡಸ್ಟರ್ ಅಂದ್ರೆ ಡಸ್ಟರ್ ಸಾರ್" ಅಂದರು.

ಆ ಮಾತಿಗೇ ಎದ್ದು ಬರಬೇಕಿತ್ತು. ಟೀ ಕುಡಿದು 20,000 ಫೋನ್‌ಪೇ ಮಾಡಿದೆ.

ಯುಗಾದಿ ಆದಮೇಲೆ ಒಂದು ಶನಿವಾರ ಬೆಳಿಗ್ಗೆ ಗಾಡಿ ಬಿಟ್ಟೆ. "ನೀವು ನಿಂತ್ಕೊಂಡು ಏನ್ಮಾಡ್ತೀರಿ ಸಾರ್, ಧೂಳು. ನಾಲ್ಕು ಗಂಟೆಗೆ ಬನ್ನಿ" ಅಂದರು. ಎಷ್ಟು ಕಾಳಜಿ ನೋಡಿ. ನಾನು ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದು, ಸಿದ್ಧಗಂಗೆ ಬೆಟ್ಟ ಹತ್ತಿ ಇಳಿದು, ನಾಲ್ಕಕ್ಕೆ ವಾಪಸ್ ಬಂದೆ. ಗಾಡಿ ಇನ್ನೂ ಜಾಕ್ ಮೇಲಿತ್ತು. ಚಕ್ರದ ಸಂದಿಯಲ್ಲಿ ಕೆಂಪು ಸ್ಪ್ರಿಂಗು ಮದುವೆ ಹೆಣ್ಣಿನ ಹಾಗೆ ಹೊಳೆಯುತ್ತಿತ್ತು. ನನ್ನ ಮುಂದೆಯೇ ಜಾಕ್ ಇಳಿಸಿದರು. ಇಳಿಸಿದ ಕೂಡಲೇ ಟೇಪು ಹಿಡಿದು ನೆಲದಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆದು "ಮೊದಲಿಗಿಂತ ಐದು ಸೆಂಟಿಮೀಟರ್ ಜಾಸ್ತಿ! ನೀವು ನಾಲ್ಕು ಕೇಳಿದ್ರಿ, ಐದು ಬಂದಿದೆ ಸಾರ್" ಅಂದರು.

ನಾನು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಮೊದಲು ಎಷ್ಟಿತ್ತು ಅಂತ ನಾನು ಅಳೆದೇ ಇರಲಿಲ್ಲ. ಅದನ್ನೂ ಅವರೇ ಹೇಳಿದ್ದು, ಇದನ್ನೂ ಅವರೇ ಹೇಳಿದ್ದು. ನಾನು ತಲೆ ಆಡಿಸಿದೆ. ಜಾಕ್ ಇಳಿಸಿದ ತಕ್ಷಣ ಯಾವ ಗಾಡಿಯೂ ಸ್ವಲ್ಪ ಎತ್ತರಕ್ಕೇ ನಿಂತಿರುತ್ತದೆ, ನಾಲ್ಕು ಹೆಜ್ಜೆ ಓಡಿದ ಮೇಲೆ ಸರಿಯಾಗಿ ಕೂರುತ್ತದೆ. ಇದು ಆಮೇಲೆ ಗೊತ್ತಾಯಿತು. ಅವತ್ತು ನಾನು ಗಾಡಿಗೆ ಒರಗಿಕೊಂಡು ಹೆಬ್ಬೆರಳು ಎತ್ತಿ ಫೋಟೋ ತೆಗೆಸಿಕೊಂಡೆ. ಉಳಿದ 14,000 ಕೊಟ್ಟೆ. ವೀಲ್ ಅಲೈನ್‌ಮೆಂಟ್ ಮಾಡಿದಿರಾ ಅಂದರೆ "ಸ್ಟೇರಿಂಗ್ ನೇರ ಇದೆಯಲ್ಲ ಸಾರ್, ಸುಮ್ನೆ ಯಾಕೆ ದುಡ್ಡು" ಅಂದರು. ಬಿಲ್ ಅಂತ ಒಂದು ಚೀಟಿ. ಅದರಲ್ಲಿ "ಲಿಫ್ಟ್ ಕಿಟ್ 1 ಸೆಟ್" ಅಂತ ಬಿಟ್ಟರೆ ಬೇರೆ ಏನೂ ಇಲ್ಲ.

ಮೊದಲ ತಿಂಗಳು ಚೆನ್ನಾಗಿಯೇ ಅನಿಸಿತು, ಅಥವಾ ಚೆನ್ನಾಗಿದೆ ಅಂತ ನಾನೇ ಅಂದುಕೊಂಡೆ. ಭಾವಮೈದನನ್ನು ಕರೆದು ಚಕ್ರದ ಸಂದಿಯಲ್ಲಿ ಟಾರ್ಚ್ ಬಿಟ್ಟು ತೋರಿಸಿದ್ದೇನೆ. ಆಮೇಲೆ ಒಂದೊಂದಾಗಿ ಶುರುವಾಯಿತು. ದಾಬಸ್‌ಪೇಟೆ ಕಡೆ ಹೈವೇಯಲ್ಲಿ 90 ದಾಟಿದರೆ ಗಾಡಿ ಅತ್ತ ಇತ್ತ ಎಳೆಯುತ್ತಿತ್ತು. ರಾತ್ರಿ ಎದುರಿಗೆ ಬರುವವರೆಲ್ಲ ಲೈಟ್ ಮಿಣುಕಿಸಿ ಬೈದುಕೊಂಡು ಹೋಗುತ್ತಿದ್ದರು, ನನ್ನ ಹೆಡ್‌ಲೈಟ್ ಅವರ ಕಣ್ಣಿಗೇ ಹೊಡೆಯುತ್ತಿತ್ತು. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಮುಂದೆ ಎಡಗಡೆ ಟಕ್ ಟಕ್ ಟಕ್. ತೋಟದ ದಿಬ್ಬ ಮತ್ತೆ ಡರ್ರ್ ಅನ್ನತೊಡಗಿತು. ಫೋನ್ ಮಾಡಿದರೆ "ಹೊಸ ಸ್ಪ್ರಿಂಗ್ ಅಲ್ವಾ ಸಾರ್, ಸೆಟ್ ಆಗ್ಬೇಕು. ಐನೂರು ಕಿಲೋಮೀಟರ್ ಓಡಿಸಿ." ಐನೂರು ಓಡಿಸಿ ಮತ್ತೆ ಫೋನ್ ಮಾಡಿದೆ. "ಸಾವಿರ ಓಡಿಸಿ."

ಆಷಾಢದಲ್ಲಿ ಗುಬ್ಬಿ ಗೇಟ್ ಹತ್ತಿರ ಒಂದು ಟೈರ್ ಅಂಗಡಿಗೆ ಅಲೈನ್‌ಮೆಂಟಿಗೆ ಬಿಟ್ಟೆ. ಅಲ್ಲಿ ಒಬ್ಬ ವಯಸ್ಸಾದ ಕೆಲಸಗಾರ, ಕನ್ನಡಕಕ್ಕೆ ದಾರ ಕಟ್ಟಿಕೊಂಡವರು. ಗಾಡಿ ಮೇಲೇರಿಸಿ, ಟೈರಿನ ಒಳ ಅಂಚಿಗೆ ಕೈ ಸವರಿ "ಮೇಷ್ಟ್ರೇ, ಇಲ್ಲಿ ಕೈ ಇಡಿ" ಅಂದರು. ಗರಗಸದ ಹಲ್ಲಿನ ಹಾಗಿತ್ತು. ಎತ್ತರ ಬದಲಾಯಿಸಿದ ಮೇಲೆ ಚಕ್ರದ ಟೋ (ಮೇಲಿನಿಂದ ನೋಡಿದರೆ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಓರೆ) ಸರಿ ಮಾಡದೆ ಮೂರು ತಿಂಗಳು ಓಡಿಸಿದ ಫಲ. ಒಳಗಡೆ ರಿಮ್ ತುಂಬಾ ಕಪ್ಪು ಗ್ರೀಸು ಸಿಡಿದಿತ್ತು, ಎಡಗಡೆ ಆಕ್ಸಲ್ ಬೂಟು ಹರಿದಿತ್ತು.

"ಸ್ಪ್ರಿಂಗ್ ಹೊಸದು ಹಾಕಿಸಿದ್ದೀನಿ" ಅಂತ ನಾನು ಸ್ವಲ್ಪ ಜಂಬದಲ್ಲೇ ಹೇಳಿದೆ.

ಅವರು ಮಾತಾಡಲಿಲ್ಲ. ಸ್ಕ್ರೂಡ್ರೈವರ್ ತುದಿಯಿಂದ ಸ್ಪ್ರಿಂಗಿನ ಮೇಲೆ ಗೀಚಿದರು. ಕೆಂಪು ಹಪ್ಪಳದ ಹಾಗೆ ಎದ್ದು ಬಂತು. ಕೆಳಗೆ ಹಳೇ ಕಪ್ಪು, ಅದರ ಕೆಳಗೆ ತುಕ್ಕು. ಆಮೇಲೆ ಟಾರ್ಚ್ ಹಿಡಿದು ಸ್ಪ್ರಿಂಗಿನ ಹಿಂಬದಿ ತೋರಿಸಿದರು. ಅಲ್ಲಿ ಬಣ್ಣವೇ ಇಲ್ಲ! ಹೊರಗಿನಿಂದ ಕಣ್ಣಿಗೆ ಕಾಣುವ ಕಡೆ ಮಾತ್ರ ಕೆಂಪು. ಪಕ್ಕದ ಬ್ರೇಕ್ ಪೈಪಿನ ಮೇಲೂ ಕೆಂಪು ಹನಿ ಸಿಡಿದಿತ್ತು.

"ಬೀದಿ ಕಡೆ ಗೋಡೆಗೆ ಮಾತ್ರ ಸುಣ್ಣ ಹೊಡೆದಂಗೆ ಹೊಡೆದವ್ರೆ ಮೇಷ್ಟ್ರೇ" ಅಂದರು. ಪಕ್ಕದಲ್ಲಿದ್ದ ಇಬ್ಬರು ಹುಡುಗರು ನಕ್ಕರು. ಅದರಲ್ಲಿ ಒಬ್ಬ ನನ್ನ ಹಳೇ ವಿದ್ಯಾರ್ಥಿ. ನಾನು ಎಲ್ಲಿ ನೋಡಬೇಕು ಅಂತ ತಿಳಿಯದೆ ಆ ಬ್ರೇಕ್ ಪೈಪನ್ನೇ ನೋಡುತ್ತಾ ನಿಂತಿದ್ದೆ.

ಹಾಗಾದರೆ ಎತ್ತರ ಎಲ್ಲಿಂದ ಬಂತು? ಮುಂದೆ ಸ್ಟ್ರಟ್ಟಿನ (ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಎರಡೂ ಸೇರಿದ ಕಂಬ) ತಲೆಯ ಮೇಲೆ ಒಂದೊಂದು ದಪ್ಪ ನೈಲಾನ್ ಬಿಲ್ಲೆ ಇಟ್ಟು ಬೋಲ್ಟ್ ಬಿಗಿದಿದ್ದರು. ಬಿಲ್ಲೆ ಇಡುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ, ತಿಳಿದು ಹಾಕಿಸುವವರು ಹಾಕಿಸುತ್ತಾರೆ. ಸ್ಪ್ರಿಂಗಿನ ಬೆಲೆ ತೆಗೆದುಕೊಂಡು ಬಿಲ್ಲೆ ಇಟ್ಟರಲ್ಲ ಅನ್ನುವುದು ನನ್ನ ಮಾತು. ಎರಡಕ್ಕೂ ವ್ಯತ್ಯಾಸ ಇದೆ. ಉದ್ದ ಸ್ಪ್ರಿಂಗ್ ಹಾಕಿದರೂ ಗುಂಡಿಯಲ್ಲಿ ಚಕ್ರ ಎಷ್ಟು ಕೆಳಗೆ ಜೋತು ಬೀಳಬಹುದು ಅನ್ನುವುದಕ್ಕೆ ಹಳೇ ಶಾಕ್ ಅಬ್ಸಾರ್ಬರೇ ಮಿತಿ. ತಲೆ ಮೇಲೆ ಬಿಲ್ಲೆ ಇಟ್ಟರೆ ಇಡೀ ಸ್ಟ್ರಟ್ಟೇ ಕೆಳಗೆ ಸರಿಯುತ್ತದೆ, ಚಕ್ರವೂ ಅಷ್ಟು ಜಾಸ್ತಿ ಜೋತು ಬೀಳುತ್ತದೆ. ಡ್ರೈವ್ ಶಾಫ್ಟ್ ಅಷ್ಟು ಜಾಸ್ತಿ ಬಾಗಬೇಕು. ನನ್ನ ಎಡಗಡೆ ಬೂಟು ಹರಿದದ್ದು, ಟಕ್ ಟಕ್ ಬಂದದ್ದು ಅದಕ್ಕೇ ಅಂದರು ಆ ಹಿರಿಯರು.

ಹಿಂದೆ? ಮುಟ್ಟೋದೇ ಇಲ್ಲ ಅಂದಿದ್ದ ರಬ್ಬರ್. ಸ್ಪ್ರಿಂಗಿನ ಸುರುಳಿಗಳ ಮಧ್ಯೆ ತುರುಕುವ ಬಳೆಯಂಥ ರಬ್ಬರ್, ಎಡಗಡೆ ಒಂದು ಚಪ್ಪಟೆಯಾಗಿ ಕೂತಿತ್ತು. ಬಲಗಡೆ ಅದೂ ಇಲ್ಲ. ಹಿಂದೆ ಇಳಿದು ಮುಂದೆ ಎತ್ತಿದ್ದಕ್ಕೆ ಹೆಡ್‌ಲೈಟ್ ಆಕಾಶ ನೋಡುತ್ತಿತ್ತು.

ಆ ಕಾಣೆಯಾದ ರಬ್ಬರ್ ಎಲ್ಲಿ ಸಿಕ್ಕಿತು ಗೊತ್ತಾ? ಭಾನುವಾರ ತೋಟದ ಮನೆಯಲ್ಲಿ ನೀರು ಬಗ್ಗಿಸಿಕೊಳ್ಳುತ್ತಿದ್ದೆ. ಗಡಿಗೆಯ ಕೆಳಗೆ ಸಿಂಬೆಯಾಗಿ ಕೂತಿತ್ತು. "ದಾರೀಲಿ ಬಿದ್ದಿತ್ತು ಕಣೋ, ಎಷ್ಟು ಚೆನ್ನಾಗಿ ಕೂರುತ್ತೆ ನೋಡು ಗಡಿಗೆ" ಅಂದರು ಅಮ್ಮ. 34,000 ರೂಪಾಯಿಯ ಕಿಟ್‌ನಲ್ಲಿ ಕೆಲಸಕ್ಕೆ ಬಂದದ್ದು ಅದೊಂದೇ.

ಈಗ ಅಂಗಡಿಯವರ ಉತ್ತರಗಳನ್ನು ಕೇಳಿ. ಫೋಟೋ ಎಲ್ಲಾ ಕಳಿಸಿ ಫೋನ್ ಮಾಡಿದೆ.

"ಕಿಟ್ ಅಂದ್ರೆ ಕಿಟ್ಟೇ ಸಾರ್. ಸ್ಪ್ರಿಂಗ್ ಅಂತ ಚೀಟೀಲಿ ಎಲ್ಲಿ ಬರೆದಿದೆ?"

ಬಾಯಲ್ಲಿ ಹೇಳಿದಿರಲ್ಲ, ನಾಲ್ಕೂ ಹೊಸದು ಅಂತ?

"ನಾಲ್ಕೂ ಹೊಸದು ಥರ ಮಾಡ್ಕೊಡ್ತೀವಿ ಅಂದಿದ್ದು."

ಹೊಸದು ಥರ! ಈ ಉತ್ತರ ಕೇಳಿ ನನಗೆ ಎರಡು ನಿಮಿಷ ಮಾತೇ ಹೊರಡಲಿಲ್ಲ. ರಬ್ಬರ್ ಬಿದ್ದು ಹೋಗಿದೆಯಲ್ಲ ಅಂದೆ.

"ಗಾಡಿ ಎಲ್ಲಿ ಓಡಿಸಿದ್ರಿ ಸಾರ್?"

ತೋಟದ ದಾರಿಯಲ್ಲಿ.

"ಅಲ್ಲಿಗೆ ಗ್ಯಾರಂಟಿ ಬರಲ್ಲ ಸಾರ್. ಟಾರು ರಸ್ತೆಗೆ ಮಾತ್ರ."

ಗೋಡೆ ತುಂಬಾ ಬಂಡೆ ಹತ್ತುವ ಜೀಪಿನ ಚಿತ್ರ ಹಾಕಿಕೊಂಡವರು ಹೇಳುವ ಮಾತು ಇದು. ಟಾರು ರಸ್ತೆಗೆ ಗಾಡಿ ಎತ್ತರ ಯಾರಿಗೆ ಬೇಕು ಕಣ್ರೀ? ಅರ್ಧ ದುಡ್ಡಾದರೂ ವಾಪಸ್ ಕೊಡಿ ಅಂದರೆ, ಅದರ ಬದಲು ಮುಂದೆ ಒಂದು ಎಲ್‌ಇಡಿ ಬಾರ್ ಫ್ರೀ ಹಾಕಿಕೊಡುತ್ತೇವೆ ಅಂದರು. ಹೆಡ್‌ಲೈಟಿಗೇ ಜನ ಬೈಯುತ್ತಿದ್ದಾರೆ ನನಗೆ!

ಇನ್ನೊಂದು. ಶುರುವಿನಲ್ಲೇ "ಆರ್‌ಟಿಓ ಅಪ್ರೂವ್ಡ್ ಕಿಟ್" ಅಂದಿದ್ದರು. ಆ ಪತ್ರ ಕಳಿಸಿ ಅಂದಿದ್ದಕ್ಕೆ ಯಾವುದೋ ರಬ್ಬರ್ ಫ್ಯಾಕ್ಟರಿಯ ಐಎಸ್‌ಓ ಪತ್ರದ ಫೋಟೋ ಬಂತು. ಇನ್ಶೂರೆನ್ಸ್ ಕೆಲಸದಲ್ಲಿರುವ ಗೆಳೆಯನಿಗೆ ತೋರಿಸಿದೆ. ಅವನು ತಲೆ ಚಚ್ಚಿಕೊಂಡ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟ ಅಳತೆಗಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ ಅಂದ. ಇನ್ಶೂರೆನ್ಸ್ ಕಂಪನಿಗೆ ಹೇಳದೆ ಏನೇ ಮಾಡಿಸಿದರೂ ಆಕ್ಸಿಡೆಂಟ್ ಆದಾಗ ಕ್ಲೇಮಿಗೆ ತಕರಾರು ಅಂತಲೂ ಸೇರಿಸಿದ. ಇದನ್ನು ಮೊದಲು ಅವನನ್ನೇ ಕೇಳಬಹುದಿತ್ತಲ್ಲ? ಕೇಳಲಿಲ್ಲ. ಗೂಳಿ ಥರ ನಿಲ್ಲಬೇಕಿತ್ತಲ್ಲ ಗಾಡಿ.

ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ಕೈಯಲ್ಲಿರುವುದು ಆ ಚೀಟಿ ಮಾತ್ರ, ನೋಡೋಣ. ಬಿಲ್ಲೆ, ರಬ್ಬರ್ ಎಲ್ಲಾ ಬಿಚ್ಚಿಸಿ ಗಾಡಿಯನ್ನು ಮೊದಲಿನ ಹಾಗೆ ಮಾಡಿಸಿದೆ. ತೋಟದ ದಾರಿಗೆ ಒಂದು ಗಂಟೆ ಜೆಸಿಬಿ ಕರೆಸಿ ನಡುವಿನ ದಿಬ್ಬ ಕೆತ್ತಿಸಿದೆ, 1,300 ರೂಪಾಯಿ. ಗಾಡಿ ಈಗ ಎಲ್ಲೂ ತಾಗುವುದಿಲ್ಲ. ಅಪ್ಪ ಇದನ್ನು ಯುಗಾದಿಗೆ ಮೊದಲೇ ಹೇಳಿದ್ದರು. ಈಗ ಏನೂ ಹೇಳುತ್ತಿಲ್ಲ, ಸುಮ್ನೆ ನೋಡುತ್ತಾರೆ. ಅದು ಇನ್ನೂ ಕಷ್ಟ.

ಆದರೂ ಮಾಡಿಸಲೇಬೇಕು ಅನ್ನುವವರು ಚಕ್ರದ ನಡುಮಧ್ಯದಿಂದ ಮಡ್‌ಗಾರ್ಡ್ ಅಂಚಿಗೆ ಎಷ್ಟಿದೆ ಅಂತ ಮನೆಯಲ್ಲೇ, ಸಮ ನೆಲದ ಮೇಲೆ, ನಾಲ್ಕೂ ಕಡೆ ಅಳೆದು ಬರೆದಿಟ್ಟುಕೊಂಡು ಹೋಗಿ. ಕೆಲಸ ಆದಮೇಲೆ ಗಾಡಿ ಸ್ವಲ್ಪ ಓಡಿಸಿ ನೀವೇ ಅಳೆಯಿರಿ, ಅವರ ಟೇಪು ನಂಬಬೇಡಿ. ಬಿಚ್ಚಿದ ಹಳೇ ಸ್ಪ್ರಿಂಗನ್ನು ಕೇಳಿ ಮನೆಗೆ ತನ್ನಿ. ಕೊಡಲ್ಲ ಅಂದರೆ ಅದು ಗಾಡಿಯಲ್ಲೇ ಇದೆ ಅಂತ ಅರ್ಥ. ತಟ್ಟೆ ಇಡ್ಲಿ ತಿನ್ನಲು ಹೋಗಬೇಡಿ, ಧೂಳು ಕುಡಿದುಕೊಂಡು ಅಲ್ಲೇ ನಿಂತಿರಿ.

ಇದನ್ನೆಲ್ಲಾ ನುಂಗಿಕೊಂಡು ಸುಮ್ಮನಿರೋಣ ಅಂತಲೇ ಇದ್ದೆ. ನಿನ್ನೆ ಭಾವಮೈದ ಒಂದು ಸ್ಕ್ರೀನ್‌ಶಾಟ್ ಕಳಿಸಿದ. ಆ ಅಂಗಡಿಯವರ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ನನ್ನ ಗಾಡಿ, ಕೆಂಪು ಸ್ಪ್ರಿಂಗು, ಪಕ್ಕದಲ್ಲಿ ಹಲ್ಲು ಕಿರಿದು ಹೆಬ್ಬೆರಳು ಎತ್ತಿ ನಿಂತಿರುವ ನಾನು. ಫೋನ್ ಮಾಡಿ ತೆಗೀರಿ ಅಂದೆ.

"ಇರಲಿ ಬಿಡಿ ಸಾರ್, ಮೇಷ್ಟ್ರೇ ಹಾಕಿಸಿದ್ದಾರೆ ಅಂತ ಮೂರು ಜನ ಬಂದಿದ್ದಾರೆ" ಅಂದರು.