ಟೈಮಿಂಗ್ ಬೆಲ್ಟ್ ಹಾಕಿಸಿದರೆ ಹಳೇ ಸಾಮಾನು ಕೇಳಿ ತಗೊಳ್ಳಿ

ನನ್ನ ಕಾರಿಗೆ ಹೊಸ ಟೈಮಿಂಗ್ ಬೆಲ್ಟ್ (ಎಂಜಿನ್ನಿನ ಕ್ರ್ಯಾಂಕ್, ಕ್ಯಾಮ್ ಎರಡನ್ನೂ ತಾಳ ತಪ್ಪದಂತೆ ಒಟ್ಟಿಗೆ ತಿರುಗಿಸುವ ರಬ್ಬರ್ ಪಟ್ಟಿ) ಹಾಕಿಸಿ ವರ್ಷವೂ ಆಗಿರಲಿಲ್ಲ, ಎಂಜಿನ್ನೇ ಬಿಚ್ಚಬೇಕಾಯಿತು. ಬಿಲ್ಲಿನಲ್ಲಿ ‘ಟೈಮಿಂಗ್ ಕಿಟ್’ ಎಂದಿತ್ತು. ಕಿಟ್ ಅಂದರೆ ಬೆಲ್ಟ್ ಜೊತೆ ಅದನ್ನು ಬಿಗಿಯಾಗಿಡುವ ಟೆನ್ಷನರ್, ಅದು ಉರುಳುವ ದಾರಿ ಹಿಡಿಯುವ ಐಡ್ಲರ್ ಬೇರಿಂಗ್ ಎಲ್ಲ ಇರಬೇಕು ಅಲ್ವಾ? ಹಾಕಿದ್ದು ಬೆಲ್ಟ್ ಮಾತ್ರ.

ಮೊದಲು ಸದ್ದು ಶುರುವಾಯಿತು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕಿರ್ರ್ ಅನ್ನುವುದು, ಎಂಜಿನ್ ಬಿಸಿಯಾದ ಮೇಲೆ ಮಾಯ. ಅದೇ ಗ್ಯಾರೇಜಿನಲ್ಲಿ ತೋರಿಸಿದೆ. “ಎಸಿ ಬೆಲ್ಟ್ ಸಾರ್, ಏನೂ ಆಗಲ್ಲ” ಎಂದು ಅದೇನೋ ಸ್ಪ್ರೇ ಹೊಡೆದು ಕಳಿಸಿದರು. ಆಮೇಲೊಂದು ದಿನ ಓಡುತ್ತಿದ್ದ ಗಾಡಿ ಇದ್ದಕ್ಕಿದ್ದಂತೆ ಆಫ್ ಆಯಿತು. ಸೆಲ್ಫ್ ಹೊಡೆದರೆ ಎಂದಿನ ಭಾರವೇ ಇಲ್ಲ, ಗಿರ್ರನೆ ಹಗುರವಾಗಿ ತಿರುಗಿತು. ಹೀಗಾದರೆ ಮತ್ತೆ ಸೆಲ್ಫ್ ಹೊಡೆಯಲೇಬೇಡಿ, ಟೋ ಮಾಡಿಸಿ. ಹೊಡೆದಷ್ಟೂ ಒಳಗೆ ಪೆಟ್ಟು ಜಾಸ್ತಿ.

ಬೇರೆ ಮೆಕ್ಯಾನಿಕ್ ಕವರ್ ತೆಗೆದು ತೋರಿಸಿದರು. ಹಳೇ ಐಡ್ಲರ್ ಜಾಮ್ ಆಗಿತ್ತು. ಗ್ರೀಸ್ ಒಣಗಿ, ಲೋಹ ಕಾದು ನೀಲಿಗಟ್ಟಿತ್ತು. ಅದರ ಮೇಲೆ ಉಜ್ಜಿ ಉಜ್ಜಿ ಹೊಸ ಬೆಲ್ಟ್ ಹರಿದಿತ್ತು. ಬೆಲ್ಟ್ ಹೋದ ತಕ್ಷಣ ವಾಲ್ವ್‌ಗಳನ್ನು (ಗಾಳಿ, ಹೊಗೆ ಹೋಗಿಬರುವ ಬಾಗಿಲು) ತೆರೆದು ಮುಚ್ಚುವ ಕ್ಯಾಮ್ ನಿಲ್ಲುತ್ತದೆ, ಪಿಸ್ಟನ್‌ಗಳಿಗೆ ಜೋಡಿಸಿದ ಕ್ರ್ಯಾಂಕ್ ಮಾತ್ರ ತಿರುಗುತ್ತಲೇ ಇರುತ್ತದೆ. ತೆರೆದುಕೊಂಡಿದ್ದ ವಾಲ್ವ್‌ಗಳಿಗೆ ಪಿಸ್ಟನ್ ಬಡಿದು ಅವು ಬಾಗಿದ್ದವು. ಎಲ್ಲ ಎಂಜಿನ್‌ಗಳಲ್ಲೂ ಹೀಗಾಗುವುದಿಲ್ಲ, ನನ್ನದರಲ್ಲಿ ಆಯಿತು. ಮೊದಲಿನ ಗ್ಯಾರೇಜಿಗೆ ಹೋಗಿ ಕೇಳಿದರೆ, “ಬೇರಿಂಗ್ ಚೆನ್ನಾಗಿತ್ತು, ಸುಮ್ನೆ ನಿಮಗ್ಯಾಕೆ ಖರ್ಚು ಅಂತ ಬಿಟ್ವಿ” ಅಂದರು. ಬಿಲ್ಲಿನಲ್ಲಿ ಮಾತ್ರ ಬಿಟ್ಟಿರಲಿಲ್ಲ!

ಈ ಕೆಲಸದಲ್ಲಿ ಹೆಚ್ಚಿನ ಕೂಲಿ ಬಿಚ್ಚಿ ಜೋಡಿಸುವುದಕ್ಕೇ. ಅಷ್ಟೆಲ್ಲ ಬಿಚ್ಚಿದ ಮೇಲೆ ಬೇರಿಂಗ್ ಉಳಿಸುವುದರಲ್ಲಿ ಅರ್ಥವಿಲ್ಲ. ವಾಟರ್ ಪಂಪನ್ನೂ ಇದೇ ಬೆಲ್ಟ್ ತಿರುಗಿಸುವಂತಿದ್ದರೆ ಅದನ್ನೂ ಆಗಲೇ ಹಾಕಿಸಿ. ಆಯಿಲ್ ಸೀಲ್‌ಗಳು ಒಸರುತ್ತಿವೆಯಾ ಎಂದು ನೋಡಲು ಹೇಳಿ, ಆಯಿಲ್ ತಾಗಿದ ರಬ್ಬರ್ ಬಾಳಿಕೆ ಬರುವುದಿಲ್ಲ.

ಬಹಳಷ್ಟು ಕಾರುಗಳಿಗೆ 60,000ದಿಂದ 1,00,000 ಕಿ.ಮೀ. ಒಳಗೆ ಬೆಲ್ಟ್ ಬದಲಿಸಬೇಕು. ನಿಮ್ಮ ಗಾಡಿಯದ್ದು ಮ್ಯಾನುಯಲ್‌ನಲ್ಲಿರುತ್ತದೆ. ವರ್ಷದ ಗಡುವೂ ಇದ್ದರೆ ಯಾವುದು ಮೊದಲು ಬರುತ್ತದೋ ಅದೇ ಲೆಕ್ಕ. ಕಮ್ಮಿ ಓಡಿಸುವವರು ಇದನ್ನೇ ಮರೆಯುವುದು. ನಿಂತ ಗಾಡಿಯಲ್ಲೂ ರಬ್ಬರ್ ಹಳತಾಗುತ್ತದೆ.

ಕಾರು ಬಿಡುವಾಗಲೇ ಜಾಬ್ ಕಾರ್ಡಿನಲ್ಲಿ ಬರೆಸಿ: ಹಳೇ ಬೆಲ್ಟ್, ಟೆನ್ಷನರ್, ಐಡ್ಲರ್ ಡಿಕ್ಕಿಯಲ್ಲಿಡಬೇಕು. ಬಿಲ್ಲಿನಲ್ಲಿ ‘ಕಿಟ್’ ಎಂದು ಒಟ್ಟಿಗೆ ಬರೆಯದೆ ಒಂದೊಂದು ಪಾರ್ಟ್ ಬೇರೆ ಬೇರೆ ಬರಲಿ. ಹಳೇ ಸಾಮಾನು ಎಸೆದುಬಿಟ್ವಿ ಅಂದರೆ, ದುಡ್ಡು ಕೊಡುವ ಮೊದಲು ಕವರ್ ತೆಗೆಸಿ ನೋಡಿ.