ಕೂಸಿನ ಉಸಿರು ಎಣಿಸಲು: ಗಡಿಯಾರ, ಟೈಮರ್, ಆ್ಯಪ್

ಕೊಪ್ಪಳ ಕಡೆಯ ನಮ್ಮ ಉಪಕೇಂದ್ರದಲ್ಲಿ ಎಕ್ಸ್‌ರೇ ಇಲ್ಲ. ಕೆಮ್ಮುವ ಕೂಸಿಗೆ ನ್ಯುಮೋನಿಯಾ ಇದೆಯೇ ಎಂದು ತಿಳಿಯಲು ಉಸಿರು ಎಣಿಸಬೇಕು, ಪಕ್ಕೆ ಒಳಕ್ಕೆ ಎಳೆದುಕೊಳ್ಳುತ್ತಿದೆಯೇ ನೋಡಬೇಕು. ಎರಡು ತಿಂಗಳೊಳಗೆ ನಿಮಿಷಕ್ಕೆ 60, ವರ್ಷದೊಳಗೆ 50, ಐದು ವರ್ಷದೊಳಗೆ 40 ಮುಟ್ಟಿದರೆ ಅದು ವೇಗದ ಉಸಿರು. ಹೇಳುವಷ್ಟು ಸುಲಭವಲ್ಲ.

ಮೊದಲು ಕೈಗಡಿಯಾರದಲ್ಲೇ ಎಣಿಸುತ್ತಿದ್ದೆ. ಒಂದು ಕಣ್ಣು ಮುಳ್ಳಿನ ಮೇಲೆ, ಇನ್ನೊಂದು ಕೂಸಿನ ಹೊಟ್ಟೆಯ ಮೇಲೆ. ನಡುವೆ ಯಾರಾದರೂ ಮಾತಾಡಿಸಿದರೆ ಲೆಕ್ಕ ನೀರುಪಾಲು.

ಯುನಿಸೆಫ್‌ನ ಎಆರ್‌ಐ (ತೀವ್ರ ಉಸಿರಾಟದ ಸೋಂಕು) ಟೈಮರ್ ಬಂದ ಮೇಲೆ ಕಣ್ಣು ಹೊಟ್ಟೆಯ ಮೇಲೇ ನಿಂತಿತು. ಸೆಕೆಂಡಿಗೊಮ್ಮೆ ಟಿಕ್, ಅರ್ಧ ನಿಮಿಷಕ್ಕೆ ಬೀಪ್, ನಿಮಿಷಕ್ಕೆ ಮತ್ತೆ ಬೀಪ್. ಆದರೆ ಆ ಮೊದಲ ಬೀಪ್‌ಗೇ ನಿಲ್ಲಿಸಿ ಎರಡರಿಂದ ಗುಣಿಸುವ ಚಪಲ ಹುಟ್ಟುತ್ತದೆ. ಹಾಗೆ ಮಾಡಿದರೆ ತಪ್ಪಿದ ಒಂದು ಉಸಿರು ಎರಡಾಗುತ್ತದೆ.

ಆರ್‌ರೇಟ್ ಆ್ಯಪ್ ಇವೆರಡಕ್ಕಿಂತ ಚುರುಕು. ಪ್ರತಿ ಉಸಿರಿಗೆ ಪರದೆ ಒತ್ತಿದರೆ, ಒತ್ತುಗಳ ನಡುವಿನ ಅಂತರ ಲೆಕ್ಕ ಹಾಕಿ ಹತ್ತಿಪ್ಪತ್ತು ಸೆಕೆಂಡಿನಲ್ಲೇ ಉತ್ತರ ಕೊಡುತ್ತದೆ. ಪರದೆಯ ಮೇಲೊಂದು ಗೊಂಬೆಕೂಸು ಅದೇ ವೇಗದಲ್ಲಿ ಉಸಿರಾಡುತ್ತದೆ. ಎದುರಿಗಿರುವ ಕೂಸಿನ ಜೊತೆ ತಾಳೆ ನೋಡಬಹುದು. ರಚ್ಚೆ ಹಿಡಿಯುವ ಎರಡು ವರ್ಷದ ಮಗುವಿಗೆ ಇದೇ ವಾಸಿ. ಅಜ್ಜಿಯರಿಗೆ ಮಾತ್ರ ಸಿಟ್ಟು: ‘ಏನ್ ಸಿಸ್ಟರ್ರೀ, ಕೂಸಿಗೆ ಎದಿ ಹಾರಾಕತ್ತೈತಿ, ನೀವು ಮೊಬೈಲ್ ಒತ್ಕೋಂತ ಕುಂತೀರಿ!’

ಆ್ಯಪ್ ನನ್ನನ್ನು ಕೆಡವಿದ್ದು ಇಪ್ಪತ್ತು ದಿನದ ಕೂಸಿನಲ್ಲಿ. 68 ತೋರಿಸಿತು. ಆಂಬುಲೆನ್ಸ್‌ಗೆ ಫೋನ್ ಮಾಡುವ ಮುನ್ನ ಟೈಮರ್ ಹಿಡಿದು ಪೂರ್ತಿ ನಿಮಿಷ ಎಣಿಸಿದೆ: 52. ಮತ್ತೊಮ್ಮೆ ಎಣಿಸಿದರೂ ಅಷ್ಟೇ. ಎಳೆಕೂಸುಗಳು ಸರಸರನೆ ಉಸಿರಾಡಿ, ಕೆಲ ಸೆಕೆಂಡು ಸುಮ್ಮನಾಗಿ, ಮತ್ತೆ ಶುರುಮಾಡುತ್ತವೆ. ನಾನು ಒತ್ತಿದ್ದು ಆ ಸರಸರದ ಹೊತ್ತಿನಲ್ಲಿ.

ಆಕ್ಸಿಮೀಟರ್ ಇವಕ್ಕೆ ಪೈಪೋಟಿ ಎಂದುಕೊಂಡಿದ್ದೆ, ಅಲ್ಲ. ಅದು ಹೇಳುವುದು ರಕ್ತದ ಆಮ್ಲಜನಕ, ಶೇಕಡಾ ಲೆಕ್ಕದಲ್ಲಿ. 90ಕ್ಕಿಂತ ಕೆಳಗಿಳಿದರೆ ತಡಮಾಡದೆ ಕಳಿಸುತ್ತೇನೆ, ಆದರೆ 97 ಇದ್ದ ಮಾತ್ರಕ್ಕೆ ನ್ಯುಮೋನಿಯಾ ಇಲ್ಲ ಎನ್ನಲಾಗದು. ದೊಡ್ಡವರ ಕ್ಲಿಪ್ ಎಳೆಬೆರಳಿಗೆ ನಿಲ್ಲುವುದಿಲ್ಲ. ಕಾಲಿಗೆ ಸುತ್ತುವ ಪುಟ್ಟ ಪ್ರೋಬ್ (ಅಳೆಯುವ ಪಟ್ಟಿ) ಬೇಕು. ಪಾದ ತಣ್ಣಗಿದ್ದರೆ ಮೊದಲು ಉಜ್ಜಿ ಬೆಚ್ಚಗೆ ಮಾಡುತ್ತೇನೆ.

ಈಗ ಎರಡು ತಿಂಗಳೊಳಗಿನವರಿಗೆ ಟೈಮರ್, ದೊಡ್ಡ ಮಕ್ಕಳಿಗೆ ಆ್ಯಪ್. ಟೈಮರ್ ಯಾವತ್ತು ಕೈಕೊಡುತ್ತದೋ ಎಂದು ಗಡಿಯಾರವನ್ನೂ ಬಿಚ್ಚಿಟ್ಟಿಲ್ಲ.